ಬೆಳಗ್ಗೆ ತಿದ್ದಿದ್ದನ್ನು ನಮಗೂ ಹೇಳಿ

ರೇಡಿಯಾಲಜಿ ವಿಭಾಗಗಳನ್ನು ನಡೆಸುವ, ತರಬೇತಿಯ ನಿಯಮ ಬರೆಯುವ, ನಮ್ಮ ರಿಪೋರ್ಟುಗಳಿಗೆ ಸಹಿ ಹಾಕುವ ಎಲ್ಲ ಹಿರಿಯರಿಗೆ,

ನಮಸ್ಕಾರ.

ನಾನು ಡಯಾಗ್ನಸ್ಟಿಕ್ ರೇಡಿಯಾಲಜಿಯಲ್ಲಿ, ಅಂದರೆ ಎಕ್ಸ್-ರೇ, ಸ್ಕ್ಯಾನ್ ಓದಿ ಕಾಯಿಲೆ ಗುರುತಿಸುವ ವಿಭಾಗದಲ್ಲಿ, ಕೊನೆಯ ವರ್ಷದ ರೆಸಿಡೆಂಟ್ (ತರಬೇತಿಯಲ್ಲಿರುವ ವೈದ್ಯ). ಡ್ಯೂಟಿಯ ಗಂಟೆಗಳು, ಕೆಟ್ಟ ನಿದ್ದೆ, ಸ್ಟೈಪೆಂಡ್, ಇವುಗಳ ಬಗ್ಗೆ ಬರೆಯಲು ಕೂತರೆ ಪುಟ ಸಾಲುವುದಿಲ್ಲ. ಅದನ್ನೆಲ್ಲ ಬೇರೆಯವರು ಬರೆಯುತ್ತಿದ್ದಾರೆ, ಬರೆಯಲಿ. ನನ್ನದು ಒಂದೇ ಬೇಡಿಕೆ. ರಾತ್ರಿ ನಾವು ಬರೆದಿಟ್ಟ ರಿಪೋರ್ಟನ್ನು ಬೆಳಗ್ಗೆ ನೀವು ತಿದ್ದುತ್ತೀರಲ್ಲ, ಏನು ತಿದ್ದಿದಿರಿ ಅಂತ ನಮಗೂ ಒಂದು ಮಾತು ಹೇಳಿ.

ಇಷ್ಟೇನಾ ಅಂತ ಅನ್ನಿಸಬಹುದು. ನನಗೂ ಮೊದಲೆರಡು ವರ್ಷ ಇದು ಅಂಥ ದೊಡ್ಡ ವಿಷಯ ಅನ್ನಿಸಿರಲಿಲ್ಲ. ಆಮೇಲೆ ಒಂದು ಘಟನೆ ನಡೆಯಿತು. ಹೇಳಿಕೊಂಡು ತಿರುಗುವಂಥದ್ದಲ್ಲ, ಆದರೂ ಹೇಳುತ್ತೇನೆ.

ಎರಡನೇ ವರ್ಷದಲ್ಲಿ ನನಗೆ ನೈಟ್ ಡ್ಯೂಟಿ ಜಾಸ್ತಿ ಇತ್ತು. ತಲೆಗೆ ಪೆಟ್ಟು ಬಿದ್ದವರ ಸಿ.ಟಿ. ಸ್ಕ್ಯಾನ್‌ಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಓದುವುದು, ಪ್ರೊವಿಷನಲ್ (ತಾತ್ಕಾಲಿಕ) ರಿಪೋರ್ಟ್ ಬರೆಯುವುದು, ಎಮರ್ಜೆನ್ಸಿಗೆ ಫೋನ್ ಮಾಡುವುದು. ಬೆಳಗ್ಗೆ ಹಿರಿಯರೊಬ್ಬರು ಬಂದು ಅದನ್ನೆಲ್ಲ ಮತ್ತೆ ನೋಡಿ, ಬೇಕಾದಲ್ಲಿ ತಿದ್ದಿ, ಫೈನಲ್ ಮಾಡುತ್ತಿದ್ದರು. ಅಷ್ಟೊತ್ತಿಗೆ ನಾನು ರೂಮಿಗೆ ಹೋಗಿ ಮಲಗಿರುತ್ತಿದ್ದೆ. ಯಾರೂ ಏನೂ ಹೇಳುತ್ತಿರಲಿಲ್ಲ. ಹೇಳಲಿಲ್ಲ ಅಂದರೆ ಎಲ್ಲ ಸರಿ ಇತ್ತು ಅಂತ ತಾನೇ ಅರ್ಥ? ನಾನು ಹಾಗೇ ಅಂದುಕೊಂಡಿದ್ದೆ. ತಲೆಯ ಸಿ.ಟಿ. ಅಂದರೆ ನನಗೆ ನೀರು ಕುಡಿದಷ್ಟು ಸುಲಭ ಅನ್ನುವ ಜಂಬವೂ ಸಣ್ಣಗೆ ಶುರುವಾಗಿತ್ತು.

ಮೂರನೇ ವರ್ಷದ ಶುರುವಿನಲ್ಲಿ ಒಂದು ಸಣ್ಣ ಆಡಿಟ್‌ಗೆ ಅಂತ ನನ್ನದೇ ಹಳೆಯ ರಿಪೋರ್ಟುಗಳನ್ನು ತೆಗೆದೆ. ನಾನು ಬರೆದದ್ದು ಒಂದು ಕಡೆ, ಫೈನಲ್ ಆದದ್ದು ಇನ್ನೊಂದು ಕಡೆ ಇಟ್ಟು ಓದುತ್ತಾ ಹೋದೆ. ಐದು ತಿಂಗಳಲ್ಲಿ ಮೂರು ಸಬ್‌ಡ್ಯೂರಲ್ ರಕ್ತಸ್ರಾವ (ಮೆದುಳಿನ ಹೊರಪೊರೆಯ ಕೆಳಗೆ ರಕ್ತ ಸೇರುವುದು) ಗಮನಿಸದೆ ಬಿಟ್ಟಿದ್ದೆ. ಮೂರೂ ತೆಳ್ಳಗಿನವು. ಮೂರೂ ತಲೆಬುರುಡೆಯ ಒಳಗೋಡೆಗೆ ಅಂಟಿಕೊಂಡಿದ್ದವು. ಬೆಳಗ್ಗೆ ಓದಿದ ಮೂರು ಬೇರೆ ಬೇರೆ ಹಿರಿಯರು ಅದನ್ನು ಹಿಡಿದಿದ್ದರು, ರಿಪೋರ್ಟ್ ತಿದ್ದಿದ್ದರು, ವಾರ್ಡಿಗೂ ತಿಳಿಸಿದ್ದರು. ಒಬ್ಬ ರೋಗಿಯನ್ನು ಫೋನ್ ಮಾಡಿ ಮನೆಯಿಂದ ವಾಪಸ್ ಕರೆಸಿದ್ದರು. ಪುಣ್ಯಕ್ಕೆ ಮೂವರಿಗೂ ಏನೂ ಆಗಲಿಲ್ಲ. ಇಷ್ಟೆಲ್ಲ ನಡೆದಿತ್ತು. ಗೊತ್ತಿಲ್ಲದೆ ಇದ್ದವನು ನಾನೊಬ್ಬನೇ.

ವೈದ್ಯರಲ್ಲದವರೂ ಇದನ್ನು ಓದಬಹುದು, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಿ.ಟಿ. ಚಿತ್ರದ ಪ್ರತಿ ಚುಕ್ಕೆಗೂ ಒಂದು ಸಂಖ್ಯೆ ಇರುತ್ತದೆ. 1971ರಲ್ಲಿ ಮೊದಲ ರೋಗಿಯ ತಲೆಯನ್ನು ಸ್ಕ್ಯಾನ್ ಮಾಡಿದ ಯಂತ್ರ ಕಟ್ಟಿದವರು ಗಾಡ್‌ಫ್ರೆ ಹೌನ್ಸ್‌ಫೀಲ್ಡ್. ಈ ಅಳತೆಗೆ ಅವರದೇ ಹೆಸರು. ನೀರಿಗೆ 0, ಗಾಳಿಗೆ ಮೈನಸ್ 1000. ಮೆದುಳು 30ರಿಂದ 40, ಹೊಸದಾಗಿ ಹೆಪ್ಪುಗಟ್ಟಿದ ರಕ್ತ 60-70ರ ಆಸುಪಾಸು, ಗಟ್ಟಿ ಮೂಳೆ ಸಾವಿರದ ಹತ್ತಿರ. ಇಷ್ಟು ದೊಡ್ಡ ಹರವನ್ನು ಕಣ್ಣು ಒಂದೇ ಸಲಕ್ಕೆ ಹಿಡಿಯಲಾರದು. ಅದಕ್ಕೇ ಬೇಕಾದ ಭಾಗಕ್ಕೆ ಮಾತ್ರ ‘ವಿಂಡೋ’ ತೆರೆಯುತ್ತೇವೆ. ಮೆದುಳಿನ ವಿಂಡೋದಲ್ಲಿ ಸುಮಾರು 0ಯಿಂದ 80ರವರೆಗಿನದು ಬೂದು ಛಾಯೆಗಳಲ್ಲಿ ಕಾಣುತ್ತದೆ. 80 ದಾಟಿದ್ದೆಲ್ಲ ಬರೀ ಬಿಳಿ. ಹಾಗಾಗಿ ಮೂಳೆಯೂ ಬಿಳಿ, ಅದರ ಪಕ್ಕದ ತೆಳು ರಕ್ತವೂ ಹೆಚ್ಚುಕಡಿಮೆ ಬಿಳಿ. ಸುಣ್ಣ ಬಳಿದ ಗೋಡೆಗೆ ಬಿಳಿ ಕಾಗದ ಅಂಟಿಸಿದ ಹಾಗೆ. ವಿಂಡೋವನ್ನು 200ರಷ್ಟು ಅಗಲ ಮಾಡಿದರೆ ರಕ್ತ ಬೂದುಬಣ್ಣಕ್ಕೆ ಇಳಿದು ಮೂಳೆಯಿಂದ ಬೇರೆಯಾಗಿ ಕಾಣುತ್ತದೆ. ಮೌಸನ್ನು ಒಂದು ಸಲ ಎಳೆದರೆ ಮುಗಿಯುವ ಕೆಲಸ.

ಆ ಒಂದು ಎಳೆತ ನನ್ನ ಅಭ್ಯಾಸದಲ್ಲಿ ಇರಲಿಲ್ಲ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಕೇಳಿದ್ದರೆ ಬರೆಯುತ್ತಲೂ ಇದ್ದೆ. ಆದರೆ ರಾತ್ರಿ ಮೂರು ಗಂಟೆಗೆ ಕೈ ಅದನ್ನು ಮಾಡುತ್ತಿರಲಿಲ್ಲ. ಮೊದಲನೆಯ ಸಲ ತಪ್ಪಿದಾಗಲೇ ಯಾರಾದರೂ ‘ವಿಂಡೋ ಅಗಲ ಮಾಡಿ ನೋಡಿದೆಯಾ?’ ಅಂತ ಕೇಳಿದ್ದರೆ ಎರಡನೆಯದೂ ಮೂರನೆಯದೂ ಆಗುತ್ತಿರಲಿಲ್ಲ. ಅರ್ಧ ನಿಮಿಷದ ಮಾತು.

ಮಗುವಿಗೆ ಅಕ್ಷರ ಕಲಿಸುವಾಗ ಏನು ಮಾಡುತ್ತೇವೆ? ತಪ್ಪು ಬರೆದರೆ ಅದರ ಎದುರಿಗೇ ಅಳಿಸುತ್ತೇವೆ, ಕೈ ಹಿಡಿದು ತಿದ್ದಿಸುತ್ತೇವೆ. ಮಗು ಮಲಗಿದ ಮೇಲೆ ಸ್ಲೇಟು ತೆಗೆದುಕೊಂಡು, ಸದ್ದಿಲ್ಲದೆ ತಿದ್ದಿ, ಅಲ್ಲೇ ಇಟ್ಟು ಬರುವುದಿಲ್ಲ. ಸ್ಲೇಟಿನಲ್ಲಿ ಅಕ್ಷರ ಸರಿಯಾಗಿರುತ್ತದೆ ನಿಜ. ಮಗುವಿನ ಕೈಯಲ್ಲಿ? ರೋಗಿಯ ಫೈಲಿನಲ್ಲಿ ಸರಿಯಾದ ರಿಪೋರ್ಟ್ ಇರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಿಮ್ಮ ಬೆಳಗಿನ ಕೆಲಸ ಅಲ್ಲಿಗೇ ನಿಂತುಬಿಟ್ಟರೆ ಅದು ಬರೀ ರಿಪೋರ್ಟ್ ತಿದ್ದಿದ ಹಾಗಾಯಿತು.

ಬೇರೆ ವಿಭಾಗದ ರೆಸಿಡೆಂಟ್‌ಗಳಿಗೆ ಈ ಕಷ್ಟ ಇಷ್ಟಿಲ್ಲ. ಮೆಡಿಸಿನ್‌ನಲ್ಲಿ ಇರುವ ಗೆಳತಿ ರಾತ್ರಿ ಕೊಟ್ಟ ಔಷಧಿ ತಪ್ಪಾಗಿದ್ದರೆ ಬೆಳಗಿನ ರೌಂಡ್ಸ್‌ನಲ್ಲಿ ರೋಗಿಯೇ ಹೇಳುತ್ತಾನೆ. ಜ್ವರ ಇಳಿದಿರುವುದಿಲ್ಲ. ಸರ್ಜರಿಯವನಿಗೆ ಹೊಟ್ಟೆ ತೆರೆದ ಕೂಡಲೇ ಉತ್ತರ ಕಾಣುತ್ತದೆ. ನಮಗೆ ಮಾತ್ರ ರೋಗಿ ಅಂದರೆ ನೂರಾರು ಅಡ್ಡಸೀಳು ಚಿತ್ರಗಳು. ಸ್ಕ್ರಾಲ್ ಮಾಡುತ್ತೇವೆ, ಬರೆಯುತ್ತೇವೆ, ಮುಂದಿನ ಚಿತ್ರ ಬರುತ್ತದೆ. ಆ ಮನುಷ್ಯ ಏನಾದ ಅಂತ ಚಿತ್ರ ಹೇಳುವುದಿಲ್ಲ. ಅಲ್ಟ್ರಾಸೌಂಡ್ ಮಾತ್ರ ಸ್ವಲ್ಪ ಉದಾರಿ. ಪಿತ್ತಕೋಶದಲ್ಲಿ ಇರುವುದು ಕಲ್ಲೋ ಪಾಲಿಪ್ಪೋ (ಒಳಗೋಡೆಗೆ ಅಂಟಿ ಬೆಳೆದ ಗಂಟು) ಅಂತ ಅನುಮಾನ ಬಂದರೆ ರೋಗಿಯನ್ನು ಮಗ್ಗುಲಿಗೆ ತಿರುಗಿಸಿದರಾಯಿತು, ಕಲ್ಲಾದರೆ ಸಾಮಾನ್ಯವಾಗಿ ಉರುಳುತ್ತದೆ. ಕಾಲಿನ ಅಭಿಧಮನಿಯ ಮೇಲೆ ಪ್ರೋಬ್ ಒತ್ತಿದರೆ ಸರಿಯಾಗಿರುವ ನಾಳ ಮುಚ್ಚಿಕೊಳ್ಳುತ್ತದೆ, ರಕ್ತ ಹೆಪ್ಪುಗಟ್ಟಿದ್ದರೆ ಮುಚ್ಚುವುದಿಲ್ಲ. ಅಲ್ಲೇ ಪ್ರಶ್ನೆ, ಅಲ್ಲೇ ಉತ್ತರ. ನಾವೆಲ್ಲ ಮೊದಲು ಅಲ್ಟ್ರಾಸೌಂಡಿನಲ್ಲೇ ಧೈರ್ಯ ಕಲಿಯುವುದು ಸುಮ್ನೆ ಅಲ್ಲ ಅಂತ ನನಗೆ ಅನ್ನಿಸುತ್ತದೆ.

ತಪ್ಪುಗಳಲ್ಲೂ ಬಗೆಗಳಿವೆ. ಹೆರಾಲ್ಡ್ ಕುಂಡೆಲ್ ಮತ್ತು ಕ್ಯಾಲ್ವಿನ್ ನೋಡಿನ್ 1970ರ ದಶಕದಲ್ಲೇ ರೇಡಿಯಾಲಜಿಸ್ಟ್‌ಗಳ ಕಣ್ಣು ಎಕ್ಸ್-ರೇ ಮೇಲೆ ಎಲ್ಲೆಲ್ಲಿ ಓಡುತ್ತದೆ ಅಂತ ಯಂತ್ರ ಇಟ್ಟು ನೋಡಿದ್ದರು. ಅವರು ಮಾಡಿದ ವಿಂಗಡಣೆ ಇವತ್ತಿಗೂ ಸರಿ. ಕೆಲವು ಸಲ ಕಣ್ಣು ಆ ಜಾಗಕ್ಕೆ ಹೋಗಿಯೇ ಇರುವುದಿಲ್ಲ. ಕೆಲವು ಸಲ ಹೋಗಿರುತ್ತದೆ, ಆದರೆ ಗುರುತು ಹಿಡಿಯುವುದಿಲ್ಲ. ಇನ್ನು ಕೆಲವು ಸಲ ಅಲ್ಲೇ ನಿಂತು ನೋಡಿರುತ್ತೇವೆ, ‘ಏನಿಲ್ಲ ಬಿಡು’ ಅಂತ ತಳ್ಳಿಹಾಕಿರುತ್ತೇವೆ. ಮೂರಕ್ಕೂ ಮದ್ದು ಬೇರೆ. ಮೊದಲನೆಯದಕ್ಕೆ ನೋಡುವ ಕ್ರಮ ಬದಲಾಗಬೇಕು: ಎದೆಯ ಎಕ್ಸ್-ರೇಯಲ್ಲಿ ಶ್ವಾಸಕೋಶದ ತುದಿ, ಹೃದಯದ ಹಿಂದೆ, ವಪೆಯ ಕೆಳಗೆ ಅಂತ ಕಣ್ಣಿಗೆ ದಾರಿ ಹಾಕಿಕೊಡಬೇಕು. ಎರಡನೆಯದಕ್ಕೆ ಅಂಥವೇ ಇನ್ನಷ್ಟು ಕೇಸ್ ನೋಡಬೇಕು. ಮೂರನೆಯದಕ್ಕೆ ಹಿರಿಯರ ಜೊತೆ ಕೂತು ವಾದ ಮಾಡಬೇಕು.

ನನ್ನ ತಪ್ಪು ಯಾವ ಬಗೆಯದು ಅಂತ ಹೇಳಬಲ್ಲವನು ನಾನೊಬ್ಬನೇ. ಅದೂ ಮಾರನೇ ದಿನವೇ ಕೇಳಿದರೆ ಮಾತ್ರ. ‘ಹೌದು ಸರ್, ನೋಡಿದ್ದೆ, ರಕ್ತನಾಳ ಅಂದುಕೊಂಡೆ’ ಅಂತ ಹೇಳಬಲ್ಲೆ. ಆರು ತಿಂಗಳ ಮೇಲೆ ಕೇಳಿದರೆ ನೋಡಿದ್ದೆನೋ ಇಲ್ಲವೋ ನನಗೇ ನೆನಪಿರುವುದಿಲ್ಲ. ನನ್ನ ಆಡಿಟ್‌ನಲ್ಲಿ ಸಿಕ್ಕ ಆ ಮೂರು ಕೇಸುಗಳ ಗತಿಯೂ ಇದೇ. ಚಿತ್ರ ನೋಡಿ ವಿಂಡೋ ಅಂತ ಊಹಿಸಿದೆ, ಅಷ್ಟೇ. ಆ ರಾತ್ರಿ ಒಂದೂ ನೆನಪಿಗೆ ಬರಲಿಲ್ಲ.

ಬಿಟ್ಟಿದ್ದರ ಬಗ್ಗೆ ಇಷ್ಟು ಹೇಳಿದೆ. ಇಲ್ಲದ್ದನ್ನು ಕಂಡದ್ದರ ಕಥೆಯೂ ಇದೆ. ಮೊದಲ ವರ್ಷದ ನನ್ನ ರಿಪೋರ್ಟುಗಳನ್ನು ಈಗ ಓದಿದರೆ ನಗು ಬರುತ್ತದೆ. ಪ್ರತಿ ಎರಡನೇ ಸಾಲು ‘ತಳ್ಳಿಹಾಕಲು ಸಾಧ್ಯವಿಲ್ಲ’. ಕೊನೆಗೆ ‘ಕ್ಲಿನಿಕಲ್ ಆಗಿ ತಾಳೆ ನೋಡುವುದು’. ಏನೂ ಹೇಳದೆ ಎಲ್ಲವನ್ನೂ ಹೇಳುವ ಕಲೆ ಅದು. ಯಾಕೆ ಹಾಗೆ ಬರೆಯುತ್ತಿದ್ದೆ? ನಾನು ಸರಿಯೋ ತಪ್ಪೋ ಅಂತ ಯಾರೂ ಹೇಳುವುದಿಲ್ಲವಾದರೆ ತಪ್ಪದೇ ಇರುವ ಒಂದೇ ದಾರಿ ಅಂದರೆ ಯಾವುದನ್ನೂ ಖಚಿತವಾಗಿ ಹೇಳದಿರುವುದು. ಇದಕ್ಕೆ ಬೆಲೆ ತೆರುವುದು ರೋಗಿ. ಎಕ್ಸ್-ರೇಯಲ್ಲಿ ಮೊಲೆತೊಟ್ಟಿನ ನೆರಳನ್ನು ನೋಡಿ ‘ಗಂಟು ಇರಬಹುದು’ ಅಂತ ಬರೆದರೆ ಆ ಮನುಷ್ಯ ಎದೆಯ ಸಿ.ಟಿ.ಗೆ ಹೋಗಬೇಕಾಗುತ್ತದೆ. ಒಂದು ಎಕ್ಸ್-ರೇಗೆ ಹೋಲಿಸಿದರೆ ಸಿ.ಟಿ.ಯ ವಿಕಿರಣ ಹತ್ತಾರು ಪಟ್ಟು ಜಾಸ್ತಿ. ಅದರ ಜೊತೆಗೆ ನಿದ್ದೆಗೆಟ್ಟ ಕೆಲವು ರಾತ್ರಿಗಳು. ಆ ಸಿ.ಟಿ.ಯಲ್ಲಿ ಏನೂ ಇರಲಿಲ್ಲ ಅನ್ನುವ ಸುದ್ದಿ ನನ್ನ ತನಕ ಬರಲೇ ಇಲ್ಲ. ಬಂದಿದ್ದರೆ ಮುಂದಿನ ಎಕ್ಸ್-ರೇಯಲ್ಲಿ ಇನ್ನೊಂದು ಪಕ್ಕದ ನೆರಳನ್ನೂ ನೋಡಿ, ಎರಡೂ ಒಂದೇ ಎತ್ತರದಲ್ಲಿವೆಯಾ ಅಂತ ಪರೀಕ್ಷಿಸಿ ಸುಮ್ಮನಾಗುತ್ತಿದ್ದೆ.

ನೀವು ಯಾಕೆ ಹೇಳುವುದಿಲ್ಲ ಅಂತಲೂ ಯೋಚಿಸಿದ್ದೇನೆ. ಸಮಯ ಇಲ್ಲ, ಅದು ನಿಜ. ಓದಬೇಕಾದ ಸ್ಕ್ಯಾನ್‌ಗಳ ಲಿಸ್ಟ್ ಬೆಳೆಯುತ್ತಲೇ ಇರುತ್ತದೆ. ಕೆಲವರಿಗೆ ಕರುಣೆ: ‘ಪಾಪ, ರಾತ್ರಿಯೆಲ್ಲ ಎದ್ದಿದ್ದಾನೆ, ಯಾಕೆ ಬೇಜಾರು ಮಾಡುವುದು.’ ಆ ಕರುಣೆ ನನಗೆ ಎಷ್ಟು ದುಬಾರಿಯಾಯಿತು ಅಂತ ಈಗಾಗಲೇ ಹೇಳಿದೆ. ಇನ್ನೊಂದು ಕಾರಣ ಯಾರ ತಪ್ಪೂ ಅಲ್ಲ. ಫಿಲ್ಮ್ ಇದ್ದ ಕಾಲದಲ್ಲಿ ಇಬ್ಬರೂ ಒಂದೇ ಲೈಟ್‌ಬಾಕ್ಸ್ ಮುಂದೆ ನಿಲ್ಲಬೇಕಿತ್ತು. ಫಿಲ್ಮ್ ಒಂದೇ, ಜಾಗ ಒಂದೇ. ಹಿರಿಯರು ಪೆನ್ಸಿಲ್ ತುದಿಯಲ್ಲಿ ತೋರಿಸುತ್ತಿದ್ದರಂತೆ. ಪ್ಯಾಕ್ಸ್ (ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಇಟ್ಟು ಹಂಚುವ ವ್ಯವಸ್ಥೆ) ಬಂದ ಮೇಲೆ ಚಿತ್ರ ಎಲ್ಲ ಕಡೆ ಸಿಗುತ್ತದೆ. ನಾನು ಇಲ್ಲಿ ಓದುತ್ತೇನೆ, ನೀವು ನಿಮ್ಮ ಕೋಣೆಯಲ್ಲಿ, ಇಲ್ಲವೇ ಮನೆಯಲ್ಲಿ ಕೂತು ಸಹಿ ಮಾಡುತ್ತೀರಿ. ಒಳ್ಳೆಯ ಸವಲತ್ತು, ವಾಪಸ್ ಫಿಲ್ಮಿಗೆ ಹೋಗೋಣ ಅನ್ನುವ ಹುಚ್ಚು ನನಗಿಲ್ಲ. ಆದರೆ ಆ ಪೆನ್ಸಿಲ್ ತುದಿ ಎಲ್ಲೋ ಕಳೆದುಹೋಯಿತು. ಅದರ ಜಾಗಕ್ಕೆ ಇನ್ನೊಂದನ್ನು ಯಾರೂ ಇಟ್ಟಿಲ್ಲ.

ಹೇಳುವವರೂ ಇದ್ದಾರೆ, ಅದನ್ನು ಮರೆಮಾಚುವುದಿಲ್ಲ. ಕೆಲವರು ಇಡೀ ವಿಭಾಗ ಕೂತ ಮೀಟಿಂಗಿನಲ್ಲಿ ಚಿತ್ರ ಹಾಕಿ, ‘ಇದನ್ನು ಓದಿದ ಮಹಾನುಭಾವರು ಯಾರು?’ ಅಂತ ಕೇಳುತ್ತಾರೆ. ಒಂದು ಸಲ ನನಗೂ ಆಗಿದೆ. ಅಪೆಂಡಿಕ್ಸ್ ಊದಿಕೊಂಡದ್ದನ್ನು ಹಿಡಿದ ಖುಷಿಯಲ್ಲಿ ಅದೇ ಸಿ.ಟಿ.ಯ ಮೇಲ್ತುದಿಯಲ್ಲಿದ್ದ ಶ್ವಾಸಕೋಶದ ಗಂಟನ್ನು ನೋಡಿರಲಿಲ್ಲ. ಒಂದು ಸಿಕ್ಕಿದ ಕೂಡಲೇ ಹುಡುಕಾಟ ಸಡಿಲವಾಗುತ್ತದೆ, ನಮ್ಮ ಕಸುಬಿನಲ್ಲಿ ಇದು ಹಳೆಯ ಕಾಯಿಲೆ. ಆವತ್ತು ನಾನು ಕಲಿತದ್ದು ಶ್ವಾಸಕೋಶದ ಬುಡ ನೋಡಬೇಕು ಅಂತ ಅಲ್ಲ. ಮುಂದಿನ ತಿಂಗಳು ಪೂರ್ತಿ ಆ ಹಿರಿಯರ ಲಿಸ್ಟಿನಿಂದ ದೂರ ಇರುವುದು ಹೇಗೆ ಅಂತ ಕಲಿತೆ.

ನಾಚಿಕೆಪಡಿಸುವವರಿಗೆ ಒಂದು ಪ್ರಯೋಗ ನೆನಪಿಸಬೇಕು. 2013ರಲ್ಲಿ ಪ್ರಕಟವಾಯಿತು. ಸಂಶೋಧಕರು 24 ರೇಡಿಯಾಲಜಿಸ್ಟ್‌ಗಳಿಗೆ ಎದೆಯ ಸಿ.ಟಿ. ಕೊಟ್ಟು ಶ್ವಾಸಕೋಶದ ಗಂಟು ಹುಡುಕಲು ಹೇಳಿದರು. ಕೊನೆಯ ಸ್ಕ್ಯಾನಿನಲ್ಲಿ ಗಂಟಿಗಿಂತ 48 ಪಟ್ಟು ದೊಡ್ಡದಾದ ಗೊರಿಲ್ಲಾ ಚಿತ್ರವನ್ನು ಸೇರಿಸಿಟ್ಟಿದ್ದರು. 20 ಜನ ಅದನ್ನು ನೋಡಲೇ ಇಲ್ಲ. ತಮಾಷೆ ಅಂದರೆ, ನೋಡದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಕಣ್ಣು ನೇರವಾಗಿ ಗೊರಿಲ್ಲಾ ಮೇಲೇ ಬಿದ್ದಿತ್ತು. ಇವರು ಕಲಿಯುವ ಹುಡುಗರಲ್ಲ, ಪಳಗಿದವರು. ಇನ್ನೂ ಹಿಂದಕ್ಕೆ, 1949ರಲ್ಲೇ, ಹೆನ್ರಿ ಗಾರ್ಲೆಂಡ್ ಎದೆಯ ಎಕ್ಸ್-ರೇಗಳ ಓದಿನಲ್ಲಿ ತಪ್ಪು ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿದ್ದರು. ದೋಷ ಇರುವ ಫಿಲ್ಮುಗಳಲ್ಲಿ ಸುಮಾರು 30 ಶೇಕಡಾ ಕೈತಪ್ಪುತ್ತಿದ್ದವು. ಅಂದರೆ ತಪ್ಪುವುದು ನಮ್ಮ ಕೆಲಸದ ಒಳಗೇ ಇದೆ. ಅದನ್ನು ಯಾರಿಗೂ ಹೇಳದ ಗುಟ್ಟಿನ ಹಾಗೆ ಕಾಯುವುದೂ ಬೇಡ, ಚಾವಡಿಯಲ್ಲಿ ನಿಲ್ಲಿಸಿ ಕೇಳುವುದೂ ಬೇಡ.

ನಾನು ಕೇಳುತ್ತಿರುವುದಕ್ಕೆ ದೊಡ್ಡ ಏರ್ಪಾಡೇನೂ ಬೇಕಿಲ್ಲ. ನಮ್ಮ ಪ್ರೊವಿಷನಲ್ ರಿಪೋರ್ಟನ್ನು ಅಳಿಸಿ ಅದರ ಮೇಲೇ ಬರೆಯಬೇಡಿ. ಅದು ಹಾಗೇ ಉಳಿಯಲಿ, ನಿಮ್ಮದು ಪಕ್ಕದಲ್ಲಿ ಬರಲಿ. ಎರಡರ ನಡುವಿನ ವ್ಯತ್ಯಾಸ ಮರುದಿನ ನಮ್ಮ ಸ್ಕ್ರೀನಿಗೆ ಬರುವ ಹಾಗೆ ಮಾಡುವುದು ಇವತ್ತಿನ ಸಾಫ್ಟ್‌ವೇರಿಗೆ ಎಷ್ಟು ಹೊತ್ತಿನ ಕೆಲಸ? ಜೊತೆಗೆ ಒಂದು ಗುರುತು ಹಾಕಿ. ಇದು ನಿಜವಾಗಿಯೂ ಬಿಟ್ಟದ್ದೋ, ಅಥವಾ ನನ್ನ ವಾಕ್ಯ ನಿಮಗೆ ಹಿಡಿಸಲಿಲ್ಲವೋ? ಹತ್ತರಲ್ಲಿ ಎಂಟು ತಿದ್ದುಪಡಿ ವಾಕ್ಯದ್ದೇ ಇರುತ್ತದೆ ಅಂತ ನನ್ನ ಅನುಭವ. ಕೆಲವರಿಗೆ ಅಲ್ಪವಿರಾಮದ ಮೇಲೆ ವಿಪರೀತ ಪ್ರೀತಿ. ಅದರ ರಾಶಿಯಲ್ಲಿ ಸಬ್‌ಡ್ಯೂರಲ್ ಮುಚ್ಚಿಹೋಗಬಾರದು. ವಾರಕ್ಕೊಮ್ಮೆ ಅರ್ಧ ಗಂಟೆ, ಹೆಸರಿಲ್ಲದ ಕೇಸುಗಳನ್ನು ಎಲ್ಲರೂ ಕೂತು ನೋಡೋಣ. ಅದರಲ್ಲಿ ನಿಮ್ಮವೂ ಒಂದೆರಡು ಇರಲಿ, ನಮಗೆ ಧೈರ್ಯ ಬರುತ್ತದೆ. ಆಪರೇಷನ್‌ನಲ್ಲಿ ಏನು ಸಿಕ್ಕಿತು, ಬಯಾಪ್ಸಿ ಏನು ಹೇಳಿತು ಅಂತ ಹಿಂದೆ ಹೋಗಿ ನೋಡಲು ಡ್ಯೂಟಿಯ ಸಮಯದಲ್ಲೇ ಜಾಗ ಮಾಡಿಕೊಡಿ. ಈಗ ಅದನ್ನು ಕದ್ದು ಮಾಡಿದ ಹಾಗೆ ಮಾಡುತ್ತೇವೆ, ಲಿಸ್ಟ್ ಖಾಲಿಯಾದಾಗ. ಲಿಸ್ಟ್ ಯಾವಾಗ ಖಾಲಿಯಾಗುತ್ತದೆ ಅಂತ ನಿಮಗೇ ಗೊತ್ತು.

ಒಂದು ಮಾತು ನಿಯಮ ಬರೆಯುವವರಿಗೆ. ದಯವಿಟ್ಟು ಇದಕ್ಕೆ ಅಂಕ ಹಾಕಬೇಡಿ. ತಪ್ಪುಗಳ ಪಟ್ಟಿ ನಮ್ಮ ಪ್ರಗತಿ ಪತ್ರಕ್ಕೆ ಸೇರಿತು ಅಂದರೆ ಮಾರನೇ ದಿನದಿಂದಲೇ ಎಲ್ಲ ರಿಪೋರ್ಟುಗಳಲ್ಲೂ ‘ತಳ್ಳಿಹಾಕಲು ಸಾಧ್ಯವಿಲ್ಲ’ ವಾಪಸ್ ಬರುತ್ತದೆ.

ಈಗ ಯಂತ್ರದ ವಿಷಯ. 2016ರಲ್ಲಿ ಕೃತಕ ಬುದ್ಧಿಮತ್ತೆಯ ಸಂಶೋಧಕ ಜೆಫ್ರಿ ಹಿಂಟನ್ ಅವರು, ಇನ್ನು ರೇಡಿಯಾಲಜಿಸ್ಟ್‌ಗಳಿಗೆ ತರಬೇತಿ ಕೊಡುವುದನ್ನೇ ನಿಲ್ಲಿಸಬೇಕು, ಐದು ವರ್ಷದಲ್ಲಿ ಯಂತ್ರ ಅವರನ್ನು ಮೀರಿಸುತ್ತದೆ ಅನ್ನುವ ಅರ್ಥದ ಮಾತು ಹೇಳಿದ್ದರು. ಐದು ವರ್ಷ ಯಾವಾಗಲೋ ಕಳೆಯಿತು. ನಾನಿನ್ನೂ ಇಲ್ಲೇ ಕೂತು ನೈಟ್ ಡ್ಯೂಟಿ ಮಾಡುತ್ತಿದ್ದೇನೆ. ಹಾಗಂತ ಯಂತ್ರವನ್ನು ಹಗುರವಾಗಿ ಕಾಣುವುದಿಲ್ಲ. ತಲೆಯಲ್ಲಿ ರಕ್ತ ಇರಬಹುದಾದ ಸ್ಕ್ಯಾನನ್ನು ಲಿಸ್ಟಿನ ಮೇಲಕ್ಕೆ ತರುವ ಪ್ರೋಗ್ರಾಮುಗಳು ಬಂದಿವೆ, ಉಪಯೋಗಕ್ಕೂ ಬರುತ್ತಿವೆ. ನನಗೆ ಅದರಲ್ಲಿ ಹೊಟ್ಟೆಕಿಚ್ಚಾಗುವ ವಿಷಯ ಬೇರೆಯೇ. ಆ ಪ್ರೋಗ್ರಾಮಿಗೆ ಕಲಿಸುವಾಗ ಅದು ಕೊಟ್ಟ ಉತ್ತರದ ಜೊತೆಗೇ ಸರಿಯುತ್ತರವನ್ನು ಇಡುತ್ತಾರೆ. ಎಷ್ಟು ತಪ್ಪಿತು ಅಂತ ಲೆಕ್ಕ ಹಾಕಿ ತಿದ್ದುತ್ತಾರೆ. ಸಾವಿರಾರು ಸಲ, ಒಂದು ಸಲವೂ ಬಿಡದೆ. ಯಂತ್ರ ಕಲಿಯುವುದೇ ಹಾಗೆ. ಅದಕ್ಕೆ ಕೊಡುವ ಆ ಸೌಲಭ್ಯ ಮನುಷ್ಯರಾದ ನಮಗೆ ಯಾಕಿಲ್ಲ?

ನನಗೆ ಸಿಕ್ಕ ಒಬ್ಬ ಮೇಡಂ ಬಗ್ಗೆ ಹೇಳದೆ ಹೋದರೆ ತಪ್ಪಾಗುತ್ತದೆ. ಅವರು ಫೋನಿಗೆ ಸ್ಕ್ಯಾನ್ ನಂಬರ್ ಮಾತ್ರ ಕಳಿಸುತ್ತಿದ್ದರು. ಕೆಳಗೆ ಎರಡೇ ಪದ: ‘ಮತ್ತೆ ನೋಡು.’ ಏನು ತಪ್ಪಿದೆ ಅಂತ ಹೇಳುತ್ತಿರಲಿಲ್ಲ. ನಿದ್ದೆಯಿಂದ ಎದ್ದು ಆ ನಂಬರ್ ನೋಡಿದರೆ ಎದೆ ಧಸಕ್ಕೆನ್ನುತ್ತಿತ್ತು. ಸಂಜೆ ಬೇಗ ಬಂದು ತೆರೆದು, ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡುತ್ತಿದ್ದೆ. ಹತ್ತು ನಿಮಿಷ ಏನೂ ಕಾಣುತ್ತಿರಲಿಲ್ಲ. ಆಮೇಲೆ ತಟ್ಟನೆ ಕಾಣುತ್ತಿತ್ತು, ಇಷ್ಟು ಹೊತ್ತು ಎಲ್ಲಿ ಅಡಗಿತ್ತು ಅನ್ನಿಸುವ ಹಾಗೆ. ಒಮ್ಮೆ ಅರ್ಧ ಗಂಟೆ ಹುಡುಕಿದರೂ ಸಿಗದೆ ಹೋಗಿ ಕೇಳಿದೆ. ‘ನಿನ್ನ ರಿಪೋರ್ಟ್ ಸರಿಯಾಗೇ ಇದೆ, ಚೆನ್ನಾಗಿ ಬರೆದಿದ್ದೀಯ, ನೋಡು ಅಂತ ಕಳಿಸಿದೆ’ ಅಂದರು. ಆವತ್ತು ಸಿಟ್ಟು ಬಂದಿತ್ತು. ಈಗ ನೆನೆಸಿಕೊಂಡರೆ, ಸರಿಯಾದದ್ದನ್ನೂ ಹೇಳಬೇಕು ಅಂತ ಹೊಳೆದ ಒಬ್ಬರೇ ಒಬ್ಬರು ಅವರು.

ಕೊನೆಗೆ ಒಂದು ತಪ್ಪೊಪ್ಪಿಗೆ. ಈಗ ಕಿರಿಯರ ರಿಪೋರ್ಟುಗಳನ್ನು ಮೊದಲು ನಾನು ನೋಡಿ ಮೇಲಕ್ಕೆ ಕಳಿಸಬೇಕು. ಮೊನ್ನೆ ಬೆಳಗ್ಗೆ ಮೊದಲ ವರ್ಷದ ಹುಡುಗಿ ಬರೆದ ಮಣಿಕಟ್ಟಿನ ಎಕ್ಸ್-ರೇ ಬಂತು. ‘ಮುರಿತ ಇಲ್ಲ’ ಅಂತ ಬರೆದಿದ್ದಳು. ಸ್ಕೇಫಾಯ್ಡ್ ಮೂಳೆಯಲ್ಲಿ ಕೂದಲೆಳೆಯಂಥ ಗೆರೆ ಇತ್ತು. ಹಿಂದೆ 14 ಕೇಸ್ ಕಾಯುತ್ತಿದ್ದವು, ಫೋನ್ ಬಡಿದುಕೊಳ್ಳುತ್ತಿತ್ತು. ಒಂದು ಸಾಲು ತಿದ್ದಿದೆ, ಎಮರ್ಜೆನ್ಸಿಗೆ ತಿಳಿಸಿದೆ, ಕಳಿಸಿದೆ, ಮುಂದಿನದಕ್ಕೆ ಹೋದೆ. ಅವಳು ಆಗಲೇ ಹೊರಟು ಹೋಗಿದ್ದಳು. ಈ ಪತ್ರ ಬರೆಯುತ್ತಾ ಅರ್ಧಕ್ಕೆ ಬಂದಾಗ ಅದು ನೆನಪಾಯಿತು.

ಇವತ್ತು ರಾತ್ರಿ ಎಂಟಕ್ಕೆ ಅವಳ ಡ್ಯೂಟಿ ಶುರು. ಸ್ಕ್ಯಾನ್ ನಂಬರ್ ಚೀಟಿಯಲ್ಲಿ ಬರೆದು ಅವಳ ಕೀಬೋರ್ಡ್ ಕೆಳಗೆ ಇಟ್ಟಿದ್ದೇನೆ.

ಇಂತಿ,
ಕೊನೆಯ ವರ್ಷದ ಒಬ್ಬ ರೆಸಿಡೆಂಟ್